ಸಾಸಿವೆ, ತಕ್ಕಡಿ ಮತ್ತು ಧನಿಷ್ಠೆಯ ಹೊಸ ನಕ್ಷತ್ರ

ಅರವತ್ತೇಳರ ಡಿಸೆಂಬರಿನಲ್ಲಿ ಧನಿಷ್ಠೆಯ ಪಕ್ಕದಲ್ಲಿ ಒಂದು ನಕ್ಷತ್ರ ಹೆಚ್ಚಿಗೆ ಇತ್ತು. ಅದರ ಸುದ್ದಿ ಪತ್ರಿಕೆಗಳಲ್ಲಿ ಸಣ್ಣದಾಗಿ ಬಂದಾಗ ನಮಗೆ ಮಳೆಗಾಲ. ಮಲೆನಾಡಿನಲ್ಲಿ ಆ ತಿಂಗಳುಗಳಲ್ಲಿ ಆಕಾಶವೆಂಬುದೇ ಇರುವುದಿಲ್ಲ. ಮೋಡ ಸರಿದು ಚಳಿ ಬಿದ್ದ ಮೇಲೆ ನೋಡಿದರೆ, ಸಂಜೆ ಪಶ್ಚಿಮದಲ್ಲಿ, ಪುಟ್ಟ ಗಾಳಿಪಟದಂತಿರುವ ಧನಿಷ್ಠೆಯ ಗುಂಪಿನ ಮಗ್ಗುಲಲ್ಲಿ ಅದು ಬರಿಗಣ್ಣಿಗೇ ಕಾಣುತ್ತಿತ್ತು. ಅಷ್ಟು ತಿಂಗಳು ಮಂಕಾಗಿದ್ದದ್ದು ಆಗಷ್ಟೇ ಇನ್ನಷ್ಟು ಬೆಳಗಿತ್ತು.

ಅರವತ್ತೆರಡರ ಅಷ್ಟಗ್ರಹ ಕೂಟದ ಗಾಬರಿಯನ್ನು ಜನ ಇನ್ನೂ ಪೂರ್ತಿ ಮರೆತಿರಲಿಲ್ಲ. ಆಕಾಶದಲ್ಲಿ ಏನು ಹೆಚ್ಚಾದರೂ ಏನು ಕಡಿಮೆಯಾದರೂ ಜಗಲಿಗಳಲ್ಲಿ ಮಾತು ಶುರುವಾಗುತ್ತಿತ್ತು. ಸಾಗರದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಮೈಸೂರು ಕಡೆಯಿಂದ ಬಂದು ಎರಡನೆಯ ವರ್ಷ. ಪ್ರಿನ್ಸಿಪಾಲರು ಕರೆದು, “ನೀವು ಮೂರು ಊರಲ್ಲಿ ಮಾತಾಡಿ ಬನ್ನಿ. ಸಾಗರ, ಹೊಸನಗರ, ತೀರ್ಥಹಳ್ಳಿ. ಹೊಸ ನಕ್ಷತ್ರ ಅಂದ್ರೆ ಏನು, ಯಾಕೆ ಹೊತ್ತಿಕೊಳ್ಳುತ್ತೆ ಅಂತ ಹೇಳಿ. ಜನರಿಗೆ ತಿಳಿಯೋ ಹಾಗಿರಲಿ,” ಎಂದರು. ಕೊನೆಯ ವಾಕ್ಯವನ್ನು ಅವರು ಬಹಳ ಸುಲಭವಾಗಿ ಹೇಳಿದರು.

ದೀಪಾವಳಿ ರಜೆಯಲ್ಲಿ ನಾನು ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ಕುಳಿತು ಆಗಿನ ಹೊಸ ಲೇಖನಗಳನ್ನು ಓದಿ ಬಂದಿದ್ದೆ. ವಿಷಯ ಬಿಸಿಬಿಸಿಯಾಗಿತ್ತು. ಹೀಗೆ ಇದ್ದಕ್ಕಿದ್ದಂತೆ ಬೆಳಗುವ ನಕ್ಷತ್ರಗಳನ್ನು ದೊಡ್ಡ ದೂರದರ್ಶಕಗಳಿಂದ ಪರೀಕ್ಷಿಸಿದವರಿಗೆ ಅವು ಒಂಟಿಯಲ್ಲ, ಜೋಡಿ ಎಂದು ತಿಳಿದಿತ್ತು. ಒಂದು, ತಣ್ಣನೆಯ ಕೆಂಪು ನಕ್ಷತ್ರ. ಇನ್ನೊಂದು, ಸೂರ್ಯನಷ್ಟು ದ್ರವ್ಯವನ್ನು ಭೂಮಿಯಷ್ಟು ಗಾತ್ರಕ್ಕೆ ಅದುಮಿಟ್ಟಂಥ ಶ್ವೇತ ಕುಬ್ಜ. ಎರಡೂ ಎಷ್ಟು ಹತ್ತಿರವೆಂದರೆ ಕೆಲವೇ ಗಂಟೆಗಳಲ್ಲಿ ಒಂದನ್ನೊಂದು ಸುತ್ತಿ ಮುಗಿಸುತ್ತವೆ. ಕೆಂಪು ನಕ್ಷತ್ರದ ಅನಿಲ ಹರಿದು ಕುಬ್ಜದ ಸುತ್ತ ಬಳೆಯಂತೆ ಸುತ್ತಿ, ಕೊನೆಗೆ ಅದರ ಮೈಮೇಲೆ ಪದರ ಪದರವಾಗಿ ಕೂರುತ್ತದೆ. ಒಂದು ದಿನ ಆ ಪದರ ಹೊತ್ತಿಕೊಳ್ಳುತ್ತದೆ. ನನಗೆ ಇದು ಓದುವಾಗ ಅರ್ಥವಾಗಿತ್ತು. ಹೇಳುವಾಗ ಅರ್ಥವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಈ ಭಾಷಣಗಳಲ್ಲಿ ನನಗಿಂತ ಹೆಚ್ಚು ಆಸಕ್ತಿ ಇನ್ನೊಬ್ಬಳಿಗಿತ್ತು. ಸಸ್ಯಶಾಸ್ತ್ರದ ಉಪನ್ಯಾಸಕಿ, ನನ್ನ ಜೊತೆ ಒಂದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು. ಹೊಸನಗರ ಕಡೆಯ ಒಕ್ಕಲು ಮನೆತನ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಒಂದು ಮನೆಯಿಂದ ಅವಳಿಗೆ ಸಂಬಂಧ ಬಂದು, ಹುಡುಗ ಹುಡುಗಿ ಒಪ್ಪಿ, ಮಾತುಕತೆಯೂ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಆ ಮನೆಯ ಹಿರಿಯ, ಹುಡುಗನ ದೊಡ್ಡಪ್ಪ, ಹೇಳಿ ಕಳಿಸಿದರು: ಹುಡುಗಿ ಹುಟ್ಟಿದ್ದು ಧನಿಷ್ಠೆಯಲ್ಲಿ. ಧನಿಷ್ಠೆಯ ಪಕ್ಕದಲ್ಲೇ ಏನೋ ಒಡೆದಿದೆಯಂತೆ. ಅದು ಆರಲಿ, ಆಮೇಲೆ ನೋಡೋಣ.

“ಆಕಾಶ ಅಷ್ಟು ದೊಡ್ಡದಿದೆ ಮಾರಾಯ್ತಿ,” ಎಂದಳು ಗೆಳತಿ. “ನನ್ನ ನಕ್ಷತ್ರದ ಬುಡದಲ್ಲೇ ಒಡೀಬೇಕಿತ್ತಾ ಅದು? ಯಾವಾಗ ಆರುತ್ತಂತೆ?”

“ಗೊತ್ತಿಲ್ಲ. ಕೆಲವು ವಾರದಲ್ಲಿ ಆರುತ್ತವೆ. ಇದು ನಿಧಾನದ ಜಾತಿ. ವರ್ಷವೇ ಆಗಬಹುದು.”

“ಸರಿಹೋಯ್ತು,” ಎಂದು ಅವಳು ನಕ್ಕಳು. ನಗು ಅವಳ ಸ್ವಭಾವ. ಆದರೆ ಆ ಸಂಜೆ ಅವಳು ಊಟ ಅರ್ಧಕ್ಕೆ ಬಿಟ್ಟೆದ್ದದ್ದನ್ನು ನಾನು ಕಂಡೆ.

ಮೊದಲ ಭಾಷಣ ಸಾಗರದಲ್ಲಿ. ಬರಿಯ ಮಾತಿಗೆ ಜನ ಕೂರುವುದಿಲ್ಲ, ಕಣ್ಣಿಗೂ ಏನಾದರೂ ಬೇಕೆಂದು ರಸಾಯನಶಾಸ್ತ್ರದ ಉಪನ್ಯಾಸಕರು ಮುಂದೆ ಬಂದರು. ದುಂಡು ಮುಖದ, ಜೋರು ದನಿಯ ಮನುಷ್ಯ. ಸದ್ದಾಗದ ಪ್ರಯೋಗವನ್ನು ಅವರು ಪ್ರಯೋಗವೆಂದೇ ಎಣಿಸುತ್ತಿರಲಿಲ್ಲ. ಕೆಂಪು ಕಾಗದದ ಬುಟ್ಟಿಯೊಳಗೆ ಒಂದು ಬಲ್ಬು, ಅದು ಕೆಂಪು ನಕ್ಷತ್ರ. ಪಕ್ಕದಲ್ಲಿ ಮಡಕೆ ಚೂರಿನ ಮೇಲೆ ಮೆಗ್ನೀಸಿಯಂ ಪುಡಿ, ಅದು ಕುಬ್ಜ. ಅದಕ್ಕೆ ಬೇರೆ ಏನೇನು ಬೆರೆಸಿದ್ದರೋ ನನಗೆ ಹೇಳಲಿಲ್ಲ.

ನಾನು ‘ಆಗ ಆ ಪದರ ಹೊತ್ತಿಕೊಳ್ಳುತ್ತದೆ’ ಎಂದು ಕೈ ಎತ್ತಿದೆ. ಸಭೆ ಹಗಲಾಯಿತು. ಬೆನ್ನಿಗೆ ಒಂದು ಸದ್ದು, ಬಿಳಿ ಹೊಗೆ, ಹೊಗೆಯೊಳಗಿಂದ ಯಾರದೋ ಕೆಮ್ಮು. ಕಣ್ಣು ಸರಿಹೋದ ಮೇಲೆ ನೋಡಿದರೆ ಹಿಂದಿನ ಪರದೆಯ ಅಂಚು ಉರಿಯುತ್ತಿತ್ತು. ಗೆಳತಿ ಮೇಜಿನ ಮೇಲಿದ್ದ ಹೂಜಿ ನೀರನ್ನು ಪರದೆಗೆ ಎರಚಿ, ಉಳಿದದ್ದನ್ನು ರಸಾಯನಶಾಸ್ತ್ರದವರ ಹೊಗೆಯಾಡುತ್ತಿದ್ದ ತೋಳಿನ ಮೇಲೆ ಸುರಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಜೀವಮಾನದಲ್ಲಿ ಅಷ್ಟು ಚಪ್ಪಾಳೆಯನ್ನು ಮತ್ತೆ ಪಡೆದಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯೊಡತಿ ಅಜ್ಜಿ ಕಾಫಿ ಕೊಡುತ್ತಾ ಕೇಳಿದರು. ಅವರೂ ಭಾಷಣಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

“ಚೊಲೋ ಆತು ಕೂಸೆ. ಆದ್ರೆ ಎಂಗೊಂದು ತಿಳಿದಿಲ್ಲೆ. ಅದು ಒಡದು ಚೂರಾತು ಅಂತಾದ್ರೆ, ನಿನ್ನೆ ನಮ್ಮನೆ ಅಂಗಳದಿಂದ ಕಂಡಿದ್ದು ಎಂತದು?”

“ಚೂರಾಗಲಿಲ್ಲ ಅಜ್ಜಿ. ಮೇಲಿನ ಪದರ ಮಾತ್ರ ಹಾರಿದ್ದು. ನಕ್ಷತ್ರ ಹಾಗೇ ಇದೆ.”

“ಅಲ್ಲೆಂತ ಇತ್ತು? ಬೂದಿ ಇತ್ತು, ಅಷ್ಟೆ,” ಎಂದರು ಅಜ್ಜಿ.

ಅವರ ಮಾತು ಸರಿ. ಮಡಕೆ ಚೂರಿನ ಮೇಲೆ ಉಳಿದದ್ದು ಬೂದಿಯೇ. ನಾನು ಬಾಯಲ್ಲಿ ಒಂದು ಹೇಳಿ ಕಣ್ಣಿಗೆ ಇನ್ನೊಂದು ತೋರಿಸಿದ್ದೆ; ಸಾಗರದ ಜನ ಕಣ್ಣನ್ನು ನಂಬಿ ಮನೆಗೆ ಹೋಗಿದ್ದರು. ಒಂದು ನಕ್ಷತ್ರ ಸಿಡಿದು ಸತ್ತಿತು ಎಂಬ ಸುದ್ದಿ ಈಗ ನನ್ನ ಹೆಸರಿನಲ್ಲೇ ಮೇಳಿಗೆಯವರೆಗೆ ಹೋಗುತ್ತಿತ್ತು.

ಹೊಸನಗರದ ಭಾಷಣಕ್ಕೆ ಒಂದು ವಾರವಿತ್ತು. ನನಗೆ ಬೇಕಾದದ್ದು ಇಷ್ಟು: ಏನೋ ಒಂದು ಸ್ವಲ್ಪ ಸ್ವಲ್ಪವೇ ಕೂಡಬೇಕು, ತುಂಬಿದಾಗ ಒಮ್ಮೆಲೇ ಬೆಳಗಬೇಕು, ಕೂಡಿದ್ದು ಉದುರಬೇಕು, ನಕ್ಷತ್ರ ಉಳಿಯಬೇಕು, ಮತ್ತೆ ಮೊದಲಿನಿಂದ ಶುರುವಾಗಬೇಕು. ಪ್ರಯೋಗಾಲಯದ ಹಳೆಯ ತಕ್ಕಡಿಯೊಂದನ್ನು ತಂದೆ. ಒಂದು ಕಡೆ ತೂಕದ ಕಲ್ಲು. ಇನ್ನೊಂದು ಕಡೆಯ ತಟ್ಟೆಯ ಮೇಲೆ ಬಿಳಿ ಬಲ್ಬು, ಅದು ಕುಬ್ಜ. ಮೇಲೆ ಕೆಂಪು ಬಣ್ಣ ಬಳಿದ ಡಬ್ಬಿಯಿಂದ ಒಂದು ಕೊಳವೆಯ ಮೂಲಕ ಮರಳು ಆ ತಟ್ಟೆಗೆ ಸುರಿಯಬೇಕು. ತಟ್ಟೆ ಭಾರವಾಗಿ ಇಳಿದಾಗ ಅದರಡಿಯ ಮೊಳೆ ಒಂದು ಬಟ್ಟಲಿನ ಪಾದರಸವನ್ನು ಮುಟ್ಟಿ ಬಲ್ಬು ಹೊತ್ತಬೇಕು. ಅದೇ ಹೊತ್ತಿಗೆ ತಟ್ಟೆ ವಾಲಿ ಮರಳು ಜಾರಿ ಬೀಳಬೇಕು.

ಮರಳು ಕೊಳವೆಯಲ್ಲೇ ಕಟ್ಟಿಕೊಂಡಿತು. ಒಣಗಿಸಿದೆ, ಜರಡಿ ಹಿಡಿದೆ, ಆದರೂ ಕಟ್ಟಿಕೊಂಡಿತು. ಗೆಳತಿ ಒಂದು ಸಂಜೆ ನೋಡುತ್ತಿದ್ದವಳು, “ಇದನ್ನ ಬಿಡು,” ಎಂದು ಕೆಳಗೆ ಹೋಗಿ ಅಜ್ಜಿಯ ಅಡುಗೆಮನೆಯಿಂದ ಒಂದು ಸೇರು ಸಾಸಿವೆ ತಂದಳು. ಸಾಸಿವೆ ನೀರಿನ ಹಾಗೆ ಹರಿಯಿತು. ಆ ರಾತ್ರಿಯಿಂದ ನಮ್ಮ ಹಾಸಿಗೆಯಲ್ಲಿ, ಚಪ್ಪಲಿಯಲ್ಲಿ, ಒಮ್ಮೆ ಸಾರಿನಲ್ಲಿ ಕೂಡ (ಅದು ಸಹಜವಾಗಿಯೇ ಇರಬಹುದು) ಸಾಸಿವೆ ಸಿಗತೊಡಗಿತು.

ಹೊಸನಗರಕ್ಕೆ ಮೂವರೂ ಬಸ್ಸಿನಲ್ಲಿ ಹೋದೆವು. ತಕ್ಕಡಿ ನನ್ನ ತೊಡೆಯ ಮೇಲೆ, ಪಾದರಸದ ಶೀಶೆ ರಸಾಯನಶಾಸ್ತ್ರದವರ ಕೈಯಲ್ಲಿ. ತಿರುವು ಬಂದಾಗಲೆಲ್ಲ ಅವರು ಅದನ್ನು ಎಳೆಗೂಸಿನಂತೆ ಎದೆಗೆ ಹಿಡಿಯುತ್ತಿದ್ದರು.

ಅಲ್ಲಿ ಎರಡು ತೊಂದರೆಯಾಯಿತು. ಮೊದಲನೆಯದು ಕರೆಂಟು. ಸಂಜೆಯ ಹೊತ್ತಿಗೆ ವೋಲ್ಟೇಜು ಇಳಿದು, ನಮ್ಮ ಬಿಳಿ ಬಲ್ಬು ಕೆಂಪು ನಕ್ಷತ್ರಕ್ಕಿಂತ ಕೆಂಪಗೆ ಉರಿಯಿತು. ಎರಡನೆಯದು ಇನ್ನೂ ಕೆಟ್ಟದ್ದು. ಭಾರ ಸಮಸಮವಾಗುವ ಹೊತ್ತಿಗೆ ತಟ್ಟೆ ತಟಕ್ಕನೆ ಬೀಳುವ ಬದಲು ಅಲ್ಲೇ ತೂಗಾಡತೊಡಗಿತು. ಮೊಳೆ ಪಾದರಸವನ್ನು ಮುಟ್ಟುವುದು, ಬಿಡುವುದು, ಮುಟ್ಟುವುದು. ಬಲ್ಬು ಮಿಣುಕುಹುಳದ ಹಾಗೆ ಮಿಣಮಿಣ ಎಂದಿತು. ಒಂದೆರಡು ಸಾಸಿವೆ ಕಾಳು ಟಪ್ ಎಂದು ಬಿದ್ದವು. “ಇದಾ ಸ್ಫೋಟ?” ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಪ್ರಶ್ನೆಯ ಹೊತ್ತಿನಲ್ಲಿ ಒಬ್ಬರು ಎದ್ದು, ಹೀಗೆ ಬೇಗ ಬೇಗ, ಸಣ್ಣಗೆ ಬೆಳಗುವ ನಕ್ಷತ್ರಗಳೂ ಇವೆಯೇ ಎಂದರು. ಇವೆ, ಕೆಲವು ವಾರಗಳಿಗೊಮ್ಮೆ ಬೆಳಗಿ ಇಳಿಯುವಂಥವು, ಅವೂ ಇಂಥ ಜೋಡಿಗಳೇ ಎಂದೆ. “ಅವು ಯಾಕೆ ಹಾಗೆ?” “ಗೊತ್ತಿಲ್ಲ. ಕೆಂಪು ನಕ್ಷತ್ರವೇ ಉಬ್ಬುತ್ತದೆ ಎಂದು ಕೆಲವರು, ಸುತ್ತಲಿನ ಬಳೆಯಲ್ಲೇ ಏನೋ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಜಗಳ ಇನ್ನೂ ಮುಗಿದಿಲ್ಲ.” ಜಗಳ ಮುಗಿದದ್ದು ಬಹಳ ವರ್ಷಗಳ ಮೇಲೆ. ಬಳೆ ಅನಿಲವನ್ನು ತಡೆದಿಟ್ಟುಕೊಂಡು, ತುಂಬಿದಾಗ ಒಮ್ಮೆಗೇ ಕುಬ್ಜದ ಮೇಲೆ ಸುರಿದುಬಿಡುತ್ತದೆ ಎಂದು ಈಗ ಪಠ್ಯಪುಸ್ತಕದಲ್ಲೇ ಇದೆ. ಅಂದು ‘ಗೊತ್ತಿಲ್ಲ’ ಎಂದದ್ದಕ್ಕೆ ಪ್ರಶ್ನೆ ಕೇಳಿದವರು ಬೇಸರಪಡಲಿಲ್ಲ, ತಲೆಯಾಡಿಸಿ ಕೂತರು.

ವಾಪಸಾಗುವಾಗ ಬಸ್ಸಿನಲ್ಲಿ ರಸಾಯನಶಾಸ್ತ್ರದವರು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನೋಡಿ, ತೀರ್ಥಹಳ್ಳಿಗೆ ಆ ದೊಡ್ಡಪ್ಪ ಬರ್ತಾರಂತೆ. ನೀವು ಜೋಡಿ ಅಂದ್ರಿ, ಒಂದು ಇನ್ನೊಂದರದ್ದನ್ನ ಎಳ್ಕೊಳ್ಳುತ್ತೆ ಅಂದ್ರಿ, ಅದಕ್ಕೇ ಹೊತ್ತಿಕೊಳ್ಳುತ್ತೆ ಅಂದ್ರಿ. ಮದುವೆ ಬೇಡ ಅನ್ನೋಕೆ ಇದಕ್ಕಿಂತ ಒಳ್ಳೆ ಕಾರಣ ಅವರಿಗೆ ಎಲ್ಲಿ ಸಿಗುತ್ತೆ? ಅಲ್ಲಿ ಮಟ್ಟಿಗೆ ಒಂದೇ ನಕ್ಷತ್ರ ಅಂದುಬಿಡಿ. ಯಾರಿಗೆ ಗೊತ್ತಾಗುತ್ತೆ?”

ಈ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಬಿಡಲಿಲ್ಲ. ಧನಿಷ್ಠೆಯ ಪಕ್ಕದಲ್ಲಿ ಒಡೆದದ್ದು ಯಾವುದೋ ಒಂಟಿ ನಕ್ಷತ್ರವಲ್ಲ, ಒಂದು ಸಂಸಾರ! ಎರಡು ದಿನ ನಾನು ‘ಒಂದೇ ನಕ್ಷತ್ರ’ ಎಂಬ ಭಾಷಣವನ್ನು ಮನಸ್ಸಿನಲ್ಲೇ ಕಟ್ಟಿ ನೋಡಿದೆ. ಬಹಳ ಚೆನ್ನಾಗಿ ಕೂಡಿಬಂತು. ಅದೇ ಕಿರಿಕಿರಿ. ಕಾರಣವನ್ನೇ ತೆಗೆದು ಹಾಕಿದ ಮೇಲೂ ಭಾಷಣ ಚೆನ್ನಾಗಿ ಕೇಳುತ್ತದೆ ಎಂದರೆ, ಆ ಭಾಷಣ ಯಾತಕ್ಕೆ?

ಕೊನೆಗೆ ಗೆಳತಿಯನ್ನೇ ಕೇಳಿದೆ. ಅವಳು ನೆಲದಲ್ಲಿ ಕೂತು ತಕ್ಕಡಿಯ ಕೋಲನ್ನು ಬೆರಳಿನಲ್ಲಿ ಮೇಲೆ ಕೆಳಗೆ ಆಡಿಸುತ್ತಿದ್ದಳು.

“ನಾಳೆ ಅವರು ಬೇರೆ ಯಾರ ಹತ್ರಾನೋ ಕೇಳಿ ತಿಳ್ಕೊಂಡ್ರೆ?” ಎಂದಳು. “ಆ ಮನೇಲಿ ಬದುಕೋಳು ನಾನು. ಬಂದ ಸೊಸೆ ಮೊದಲ ದಿನವೇ ಊರಿಗೆಲ್ಲ ಟೋಪಿ ಹಾಕಿ ಬಂದ್ಳು ಅಂತ ಆಗ್ಬಾರ್ದು. ಇದ್ದದ್ದು ಇದ್ದ ಹಂಗೆ ಹೇಳು. ಮುರಿದ್ರೆ ಮುರೀಲಿ.” ಕೋಲನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, “ಮುರೀದೆ ಇದ್ರೆ ಒಳ್ಳೇದು,” ಎಂದು ಸೇರಿಸಿದಳು. ಆಮೇಲೆ ತಲೆಯೆತ್ತಿ, “ನಿಮ್ಮ ಲ್ಯಾಬಲ್ಲಿ ಅಯಸ್ಕಾಂತ ಇದ್ಯಾ?” ಎಂದಳು.

ಆ ಅಯಸ್ಕಾಂತವೇ ನಮ್ಮನ್ನು ಉಳಿಸಿದ್ದು. ತೂಕದ ಕಲ್ಲಿನ ಕಡೆಯ ತಟ್ಟೆಯ ಕೆಳಗೆ, ಹಲಗೆಯ ಮೇಲೆ ಅದನ್ನು ಅಂಟಿಸಿ, ತಟ್ಟೆಗೆ ಒಂದು ಕಬ್ಬಿಣದ ಬಿಲ್ಲೆ ಕಟ್ಟಿದೆವು. ಈಗ ಭಾರ ಸಮವಾದರೂ ತಕ್ಕಡಿ ಕದಲದು, ಅಯಸ್ಕಾಂತ ಬಿಡುವುದಿಲ್ಲ. ಸಾಸಿವೆ ಬೀಳುತ್ತಲೇ ಹೋಗುತ್ತದೆ. ಇನ್ನು ತಡೆಯದು ಎಂಬ ಘಳಿಗೆಯಲ್ಲಿ ಹಿಡಿತ ಒಮ್ಮೆಗೇ ತಪ್ಪಿ ಸಾಸಿವೆಯ ತಟ್ಟೆ ಧಡಕ್ಕನೆ ಬೀಳುತ್ತದೆ. ಮೊದಲ ಸಲ ಅದು ಬಿದ್ದಾಗ ನಾವಿಬ್ಬರೂ ಕೂಗಿಕೊಂಡೆವು, ಅಜ್ಜಿ ಕೆಳಗಿನಿಂದ “ಎಂತಾತೇ?” ಎಂದರು.

ನನಗೆ ಆ ಹೊತ್ತಿನಲ್ಲಿ ಓದಿದ್ದೂ ಸರಿಯಾಗಿ ತಿಳಿಯಿತು. ಸಾಮಾನ್ಯ ಅನಿಲ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ತಣಿಯುತ್ತದೆ. ಕುದಿಯುವ ಅನ್ನದ ಪಾತ್ರೆ ಮುಚ್ಚಳ ಎತ್ತಿ ಉಸಿರು ಬಿಟ್ಟ ಹಾಗೆ. ಕುಬ್ಜದ ಮೈಮೇಲೆ ಅದು ಆಗುವುದಿಲ್ಲ. ಅಲ್ಲಿ ಎಲ್ಲ ಎಷ್ಟು ಬಿಗಿಯಾಗಿ ಅದುಮಿಕೊಂಡಿದೆ ಎಂದರೆ ಕಾದರೂ ಹಿಗ್ಗಲು ಬರುವುದಿಲ್ಲ. ಮುಚ್ಚಳ ಏಳುವುದಿಲ್ಲ. ಬಿಸಿ ಒಳಗೇ ಏರುತ್ತದೆ, ಬಿಸಿಯಾದಷ್ಟೂ ಪದರ ಇನ್ನೂ ಜೋರಾಗಿ ಉರಿಯುತ್ತದೆ. ಅನಿಲ ಕೂಡಿದ್ದು ಅರ್ಧ ಕಾರಣ ಮಾತ್ರ. ಸಮಯಕ್ಕೆ ಸಡಿಲವಾಗದೆ ಹೋದದ್ದು ಇನ್ನರ್ಧ. ಈ ಎರಡನೆಯ ಅರ್ಧವನ್ನು ಸಾಗರದಲ್ಲೂ ಹೊಸನಗರದಲ್ಲೂ ನಾನು ಹೇಳಿಯೇ ಇರಲಿಲ್ಲ.

ಕರೆಂಟಿನ ಸಮಸ್ಯೆಯನ್ನು ರಸಾಯನಶಾಸ್ತ್ರದವರು ಬಗೆಹರಿಸಿದರು. ಬಸ್ಸಿನ ಡ್ರೈವರನ ಸ್ನೇಹ ಬೆಳೆಸಿ, ಹಳೆಯ ಬ್ಯಾಟರಿಯನ್ನೂ ಹೆಡ್‌ಲೈಟಿನ ಬಲ್ಬನ್ನೂ ಕಡ ತಂದರು. ಪುಡಿ ಗಿಡಿ ಬೇಡವೆಂದದ್ದಕ್ಕೆ ಅವರಿಗಾದ ನಿರಾಸೆಗೆ ಅದೇ ಸಮಾಧಾನ.

ತೀರ್ಥಹಳ್ಳಿಯಲ್ಲಿ ಭಾಷಣ ಇಳಿಹೊತ್ತಿಗೆ, ಒಂದು ಶಾಲೆಯ ಹಾಲಿನಲ್ಲಿ. ಏರ್ಪಾಡು ಮಾಡಿದ್ದು ಮದುವೆಯ ಹುಡುಗನೇ. ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಮುಗಿಯುತ್ತಾ, ಗೆಳತಿಯನ್ನು ಕಂಡಾಗ ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಚಿಲಕ ಹಿಡಿದುಕೊಂಡ. ದೊಡ್ಡಪ್ಪ ಮುಂದಿನ ಬೆಂಚಿನಲ್ಲಿದ್ದರು. ದಪ್ಪ ಮೀಸೆ, ಕಪ್ಪು ಕೋಟು, ಹೆಗಲಲ್ಲಿ ವಸ್ತ್ರ. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡು ನಕ್ಷತ್ರ, ಒಂದು ಕೆಂಪು, ಒಂದು ಕುಬ್ಜ. ಗೆಳತಿ ಡಬ್ಬಿಯ ಕೊಳವೆ ತೆರೆದಳು. ಸಾಸಿವೆ ಬೀಳುವ ಸರಸರ ಸದ್ದೊಂದೇ ಹಾಲಿನಲ್ಲಿ. ಮುಚ್ಚಳ ಏಳದ ಪಾತ್ರೆಯ ಮಾತನ್ನು ಹೇಳಿ ಮುಗಿಸುವಷ್ಟರಲ್ಲಿ ತಟ್ಟೆ ಧಡಕ್ಕನೆ ಬಿತ್ತು, ಹೆಡ್‌ಲೈಟು ನೇರ ದೊಡ್ಡಪ್ಪನ ಮುಖಕ್ಕೆ ಹೊಡೆಯಿತು, ಸಾಸಿವೆ ಅವರ ಕಾಲ ಬಳಿಗೆಲ್ಲ ಉರುಳಿತು. ಅವರು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ತಟ್ಟೆ ಮೇಲೆದ್ದು, ಆಚೆಯ ತಟ್ಟೆ ಅಯಸ್ಕಾಂತಕ್ಕೆ ಕಚ್ಚಿ, ಬಲ್ಬು ಆರಿ, ಮತ್ತೆ ಸಾಸಿವೆ ಸರಸರ ಬೀಳತೊಡಗಿತ್ತು.

ಅವರು ಎದ್ದು ನಿಂತರು.

“ಅಲ್ಲ ಅಮ್ಮ, ಒಂಟಿಯಾಗಿದ್ರೆ ಇದು ಒಡೀತಿತ್ತಾ?”

“ಇಲ್ಲ,” ಎಂದೆ.

“ಹಂಗಾರೆ ಜೋಡಿ ಆಗಿದ್ದೇ ತಪ್ಪಾತಲ್ಲ.”

ಹಾಲಿನಲ್ಲಿ ಗುಸುಗುಸು. ಹುಡುಗ ಗೋಡೆ ನೋಡುತ್ತಿದ್ದ. ನಾನು ಕೈಗೆ ಸಿಕ್ಕಿದ್ದನ್ನು ಹಿಡಿದೆ. “ಅದು ಎಷ್ಟು ದೂರ ಇದೆ ಎಂದರೆ, ಈ ಬೆಳಕು ಅಲ್ಲಿಂದ ಹೊರಟಾಗ ನಾವ್ಯಾರೂ ಹುಟ್ಟಿರಲಿಲ್ಲ. ಯಾರ ಜಾತಕವೂ ಬರೆದಿರಲಿಲ್ಲ.”

“ಕಾಗದ ತಡವಾಗಿ ಬಂದ್ರೂ ವಿಳಾಸ ನಮ್ದೇ ಅಲ್ಲನಾ?” ಎಂದರು ದೊಡ್ಡಪ್ಪ. ಸಭೆ ಅವರ ಕಡೆ ವಾಲಿತು.

ಅವರು ತಕ್ಕಡಿಯ ಕಡೆ ತಿರುಗಿದರು. “ಒಡೆದ ಮೇಲೆ ಇವೆರಡೂ ಎಂಥ ಮಾಡ್ತವೆ? ಬಿಟ್ಟು ಹೋಗ್ತವಾ?”

ಉತ್ತರ ಕೊಟ್ಟದ್ದು ಗೆಳತಿ. “ಬಿಟ್ಟು ಹೋಗಲ್ಲ. ಮೊದಲಿನ ಹಂಗೇ ಒಂದನ್ನೊಂದು ಸುತ್ತುತಾ ಇರ್ತವೆ.”

“ಮತ್ತೆ ಒಡೀತವಾ?”

ಅವಳು ತಡೆಯಲಿಲ್ಲ. “ಒಡೀಬಹುದು. ಸಾವಿರಾರು ವರ್ಷ ಬಿಟ್ಟು, ಮತ್ತೆ ಅಷ್ಟು ಕೂಡಿದ ಮೇಲೆ.”

ಆಗ ಹೆಂಗಸರ ಸಾಲಿನಿಂದ ದೊಡ್ಡಮ್ಮನ ದನಿ ಬಂತು. ಏಳಲಿಲ್ಲ, ಕೂತಲ್ಲಿಂದಲೇ: “ಸಾವಿರ ವರ್ಷಕ್ಕೊಂದು ಸಲನಾ? ಪುಣ್ಯ ಮಾಡಿದ್ದು ಬಿಡಿ ಅದು. ಇವ್ರು ಕೊಯ್ಲಿಗೊಂದು ಸಲ ಒಡೀತಾರೆ. ನಾ ಎಲ್ಲಿಗೆ ಹೋಗಿದೀನಿ?”

ಒಂದು ಕ್ಷಣ ಯಾರಿಗೂ ನಗುವ ಧೈರ್ಯವಾಗಲಿಲ್ಲ. ಆಮೇಲೆ ದೊಡ್ಡಪ್ಪನ ಹೆಗಲು ಕುಲುಕಿತು. ವಸ್ತ್ರವನ್ನು ಮೀಸೆಗೆ ಅಡ್ಡ ಹಿಡಿದರು, ಪ್ರಯೋಜನವಾಗಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಮ್ಮ ರಸಾಯನಶಾಸ್ತ್ರದವರು.

ಕತ್ತಲಾದ ಮೇಲೆ ಆಸಕ್ತಿಯಿದ್ದವರನ್ನು ತುಂಗೆಯ ಮರಳ ದಂಡೆಗೆ ಕರೆದೊಯ್ದೆ. ಯಾರೋ ಸೈನ್ಯದಿಂದ ತಂದಿದ್ದ ದುರ್ಬೀನು ಇತ್ತು. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಗೆಳತಿ ಪಕ್ಕದಲ್ಲಿ ನಿಂತು, ಗಾಳಿಪಟದ ಬಾಲ ಎಲ್ಲಿ, ಹೊಸದು ಎಲ್ಲಿ ಎಂದು ತೋರಿಸುತ್ತಿದ್ದಳು.

“ಇಷ್ಟೇ ಇಷ್ಟಾ?” ಎಂದರು ಕೊನೆಗೆ. “ಇದಕ್ಕಾ ನಾ ಒಂದು ತಿಂಗಳಿಂದ ನಿದ್ದೆಗೆಟ್ಟದ್ದು?” ದುರ್ಬೀನನ್ನು ಅವಳ ಕೈಗೆ ಕೊಟ್ಟು, “ಹೌದೂ, ಮತ್ತೆ ಒಡೀಬಹುದು ಅಂದ್ಯಲ್ಲ. ಇಲ್ಲ ಅಂದಿದ್ರೆ ನನಗೇನು ಗೊತ್ತಾಗ್ತಿತ್ತು?” ಎಂದರು. ಅವಳು, “ನಿಮಗೆ ಗೊತ್ತಾಗ್ತಿರಲಿಲ್ಲ,” ಎಂದಳು. ಅವರು ಹೂಂ ಎಂದರು. ಮದುವೆಯ ಮಾತು ಅಲ್ಲಿ ಬರಲಿಲ್ಲ. ಆದರೆ ಮರಳಿನಲ್ಲಿ ನಡೆದು ಬರುವಾಗ ಅವರು ಹೆಂಡತಿಗೆ, “ಆ ಹುಡುಗಿಗೆ ಚಳಿ ಆಗ್ತದೆ, ನಿನ್ನ ಶಾಲು ಕೊಡು,” ಎಂದದ್ದನ್ನು ನಾನು ಕೇಳಿಸಿಕೊಂಡೆ.

ಆ ತಿಂಗಳು ಮುಗಿಯುವುದರೊಳಗೆ ಮೇಳಿಗೆಯಿಂದ ಒಪ್ಪಿಗೆ ಬಂತು. ಜಾತಕವನ್ನು ಇನ್ನೊಮ್ಮೆ ತೋರಿಸಿದರಂತೆ, ದೋಷವೇನೂ ಕಾಣಲಿಲ್ಲವಂತೆ. ವೈಶಾಖದಲ್ಲಿ ಮದುವೆ. ನಾನು ಹೆಣ್ಣಿನ ಕಡೆಯವಳಾಗಿ ಒಂದು ವಾರ ಮೊದಲೇ ಗೆಳತಿಯ ಮನೆಗೆ ಹೋಗಿ ಉಳಿದೆ.

ಮದುವೆಯ ದಿನ ಬೆಳಗಿನ ಜಾವ ಬೇಗ ಎಚ್ಚರವಾಗಿ ಅಂಗಳಕ್ಕೆ ಬಂದೆ. ಧನಿಷ್ಠೆ ಈಗ ಪೂರ್ವಕ್ಕೆ ಬಂದಿತ್ತು. ಅಭ್ಯಾಸಬಲದಿಂದ ಕತ್ತೆತ್ತಿ ನೋಡಿದೆ. ಹಿಂದಿನ ತಿಂಗಳುಗಳಲ್ಲಿ ಸಾಕಷ್ಟು ಮಂಕಾಗಿದ್ದ ನಕ್ಷತ್ರ ಸ್ಪಷ್ಟವಾಗಿ ಮತ್ತೆ ಬೆಳಗಿತ್ತು. ಕಣ್ಣು ಮುಚ್ಚಿ ತೆರೆದು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿದೆ. ಅನುಮಾನವೇ ಇಲ್ಲ. ಸಾವಿರಾರು ವರ್ಷ ಎಂದಿದ್ದೆವು, ಆರು ತಿಂಗಳೂ ಆಗಿರಲಿಲ್ಲ. ಹಿಂದೆ ಚಪ್ಪರದ ಕಡೆಯಿಂದ, ಹಿಂದಿನ ರಾತ್ರಿಯೇ ದಿಬ್ಬಣದ ಜೊತೆ ಬಂದಿದ್ದ ದೊಡ್ಡಪ್ಪನ ಕೆಮ್ಮು ಕೇಳಿಸಿತು. ಹಲ್ಲುಜ್ಜಲು ಬಂದಿದ್ದರು.

“ಏನಮ್ಮ, ಇಷ್ಟು ಬೇಗ ಎದ್ದೀರಿ?”

“ಸೆಕೆ, ನಿದ್ದೆ ಬರಲಿಲ್ಲ,” ಎಂದೆ.

ನಕ್ಷತ್ರ ಹೇಗಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ.